ಅರ್ಧ ಚೌಕ

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಮೆಷಿನ್ನು ಹೊರಗೆ ತಳ್ಳಿದ ಕಾಗದದ ಮೇಲೆ 544 ಎಂದಿತ್ತು.

"ನಿನ್ನ ಮನೆ ಹಾಳಾಗ" ಎಂದು ಬೈದೆ. ಮಂಚದ ಮೇಲೆ ಮಲಗಿದ್ದ ಕೊತ್ತಗೆರೆಯ ಹೆಂಗಸು ತಲೆ ಎತ್ತಿದಳು.

"ನನ್ಗಾ ಅಕ್ಕ?"

"ನಿನಗಲ್ಲ ಕಣೇ, ಈ ಮೆಷಿನ್ನಿಗೆ. ಮಲಕ್ಕೋ, ಅಲ್ಲಾಡಬೇಡ."

ಎಂದಿನ ಹಾಗೇ ಗದರಿದೆ.

ನಾನು ತುಮಕೂರಿನ ಒಂದು ಆಸ್ಪತ್ರೆಯ ಎದೆರೋಗದ ವಿಭಾಗದಲ್ಲಿ ಇಸಿಜಿ ತೆಗೆಯುವವಳು. ನನ್ನ ಕೋಣೆಗೆ ಬರುವವರಲ್ಲಿ ಹೆಚ್ಚಿನವರು ಮಾಮೂಲಿ ಔಷಧಿಗೆ ಬಗ್ಗದ ಕ್ಷಯದವರು. ಅಂಥವರಿಗೆಂದೇ ಒಂದು ಹೊಸ ಮಾತ್ರೆ ಇದೆ. ಸೋಮವಾರ, ಬುಧವಾರ, ಶುಕ್ರವಾರ, ವಾರಕ್ಕೆ ಮೂರು ದಿನ, ಊಟದ ಜೊತೆ ನುಂಗಬೇಕು. ಬೇರೆ ಯಾವುದಕ್ಕೂ ಜಗ್ಗದ ಕ್ಷಯ ಅದಕ್ಕೆ ಜಗ್ಗುತ್ತದೆ. ಆದರೆ ಅದಕ್ಕೊಂದು ಕೆಟ್ಟ ಚಾಳಿ. ಹೃದಯ ಒಮ್ಮೆ ಬಡಿದು, ಸುಧಾರಿಸಿಕೊಂಡು, ಮುಂದಿನ ಬಡಿತಕ್ಕೆ ಸಿದ್ಧವಾಗಲು ಒಂದಿಷ್ಟು ಹೊತ್ತು ಬೇಕಲ್ಲ, ಆ ಹೊತ್ತನ್ನು ಅದು ಹಿಗ್ಗಿಸುತ್ತದೆ. ಇಸಿಜಿಯಲ್ಲಿ ನಾವು ಅದನ್ನು ಕ್ಯೂಟಿ ಎನ್ನುತ್ತೇವೆ. ಸೆಕೆಂಡನ್ನು ಸಾವಿರ ಪಾಲು ಮಾಡಿ ಅಳೆಯುತ್ತೇವೆ. ನಾನೂರೈವತ್ತರ ಆಸುಪಾಸಿನಲ್ಲಿದ್ದರೆ ಯೋಚನೆ ಇಲ್ಲ. ಐನೂರು ದಾಟಿದರೆ ಹೃದಯದ ತಾಳ ಇದ್ದಕ್ಕಿದ್ದಂತೆ ತಪ್ಪಿ, ಕೂತಲ್ಲೇ ಜೀವ ಹೋಗಬಹುದು. ಹಾಗಾಗಿ ನಮ್ಮ ವಿಭಾಗದಲ್ಲಿ ಒಂದು ನಿಯಮ: ಮತ್ತೆ ತೆಗೆದಾಗಲೂ ಐನೂರು ದಾಟಿದರೆ ಮಾತ್ರೆ ನಿಲ್ಲಿಸಬೇಕು.

ನಿಲ್ಲಿಸಿದರೆ ಈ ಹೆಂಗಸಿಗೆ ಇನ್ನೇನೂ ಉಳಿದಿರಲಿಲ್ಲ. ಊರಿನ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದವಳು. ಎರಡು ಸಲ ಚಿಕಿತ್ಸೆ ಮುಗಿಸಿ ಎರಡು ಸಲವೂ ಕಾಯಿಲೆ ಮರುಕಳಿಸಿ ನಮ್ಮಲ್ಲಿಗೆ ಬಂದಿದ್ದಳು. ಬಂದಾಗ ಮೂವತ್ತಾರು ಕೆಜಿ. ಹೊಸ ಮಾತ್ರೆ ಶುರುಮಾಡಿ ನಾಲ್ಕನೇ ತಿಂಗಳು ನಡೆಯುತ್ತಿತ್ತು. ಎರಡು ತಿಂಗಳಿಂದ ಕಫದಲ್ಲಿ ರೋಗಾಣು ಕಾಣಿಸಿರಲಿಲ್ಲ. ಹೋದ ಸಲ ಬಂದಾಗ ಸೀರೆಯ ನೆರಿಗೆ ಹಿಡಿದು ತೋರಿಸಿ, "ಒಂದು ನೆರಿಗೆ ಕಮ್ಮಿ ಆಗೈತೆ ಅಕ್ಕ, ಒಸಿ ದಪ್ಪ ಆಗಿವ್ನಿ" ಎಂದು ನಕ್ಕಿದ್ದಳು.

ಮೆಷಿನ್ನಿಗೆ ಬೈದದ್ದಕ್ಕೆ ಕಾರಣ ಇತ್ತು. ಅದು ಹೇಳುವ ಸಂಖ್ಯೆಯನ್ನು ನಾನು ನಂಬುವುದನ್ನು ಬಿಟ್ಟು ವರ್ಷವಾಗಿತ್ತು. ಹೃದಯ ಜೋರಾಗಿ ಬಡಿಯುವಾಗ ಕ್ಯೂಟಿ ತಾನಾಗಿಯೇ ಕಿರಿದಾಗುತ್ತದೆ. ಆದ್ದರಿಂದ ಅಳೆದದ್ದನ್ನು ಬಡಿತದ ವೇಗಕ್ಕೆ ತಕ್ಕಂತೆ ಸರಿಪಡಿಸಿ ಹೇಳಬೇಕು. ನಮ್ಮ ಮೆಷಿನ್ನಿನಲ್ಲಿರುವುದು ಹಳೆಯ ಸೂತ್ರ, ವರ್ಗಮೂಲದ್ದು. ಬಡಿತ ಹೆಚ್ಚಿದ್ದವರಿಗೆ ಅದು ಇಲ್ಲದ್ದನ್ನೂ ಸೇರಿಸಿ ಹೇಳುತ್ತದೆ. ಘನಮೂಲದ ಸೂತ್ರ ಅಷ್ಟು ಮೋಸ ಮಾಡುವುದಿಲ್ಲ. ಕ್ಷಯದವರ ಎದೆಯೋ, ಸುಮ್ಮನೆ ಕೂತರೂ ಓಡಿಬಂದವರ ಹಾಗೆ ಹೊಡೆದುಕೊಳ್ಳುತ್ತಿರುತ್ತದೆ.

ಇದು ನನಗೆ ತಿಳಿದದ್ದು ತಡವಾಗಿ. ಗುಬ್ಬಿಯಾಚೆ, ಬಿದರೆಹಳ್ಳಿ ಕಾವಲಿನ ಕಡೆಯಿಂದ ಒಬ್ಬ ಪೇಂಟರ್ ಹೆಂಡತಿಯ ಜೊತೆ ಬರುತ್ತಿದ್ದ. ಬಂದಾಗಲೆಲ್ಲ ನನ್ನ ಕೋಣೆಯ ಗೋಡೆಯ ಬಣ್ಣಕ್ಕೆ ಹೆಸರಿಡುತ್ತಿದ್ದ. ಒಂದು ದಿನ ಮೆಷಿನ್ನು ಅವನಿಗೆ 519 ಎಂದಿತು. ನಾನು ಅದನ್ನೇ ರಿಜಿಸ್ಟರಿನಲ್ಲಿ ಬರೆದೆ. ಆಗಿದ್ದ ಡಾಕ್ಟರು ಮಾತ್ರೆ ನಿಲ್ಲಿಸಿ ಬೇರೆ ಔಷಧಿ ಕೊಟ್ಟರು. ಅದು ಹಿಡಿಯಲಿಲ್ಲ. ಆರು ತಿಂಗಳಿಗೆ ಹೋಗಿಬಿಟ್ಟ. ಆಮೇಲೆ ಈಗಿನ ಡಾಕ್ಟರು ಬಂದರು. ಸ್ಕೇಲು, ಪೆನ್ಸಿಲ್ಲು, ಎರಡು ಮೊನೆಯ ಕ್ಯಾಲಿಪರ್ ಕೈಗೆ ಕೊಟ್ಟು, ಕ್ಯೂಟಿಯನ್ನು ಕಣ್ಣಿಂದ ನೋಡಿ ಅಳೆಯುವುದನ್ನು ಕಲಿಸಿದರು. ಕಲಿತ ವಾರವೇ ನಾನು ಪೇಂಟರನ ಹಳೆಯ ಫೈಲು ಹುಡುಕಿ ತೆಗೆದು ಅಳೆದೆ. ಬಡಿತ ನಿಮಿಷಕ್ಕೆ ನೂರಾ ಹದಿನೆಂಟಿತ್ತು. ಹೊಸ ಲೆಕ್ಕದಲ್ಲಿ 464 ಬಂತು. ನಿಲ್ಲಿಸುವ ಅಗತ್ಯವೇ ಇರಲಿಲ್ಲ. ಆ ದಿನ ಬಟವಾಡಿಯ ಮನೆಗೆ ಹೋದವಳು ಅನ್ನದ ತಟ್ಟೆ ಮುಂದಿಟ್ಟುಕೊಂಡು ಅತ್ತೆ. ಯಾಕೆ ಎಂದು ಮನೆಯವರು ಕೇಳಿದರೆ ಹಲ್ಲುನೋವು ಎಂದೆ.

ಹಾಗಾಗಿ ಆ ಮಂಗಳವಾರ 544 ಕಂಡಾಗ, ಇದೂ ಮೆಷಿನ್ನಿನ ಆಟವೇ ಇರಲಿ ದೇವರೇ ಎಂದುಕೊಂಡೆ. ಕುಣಿಗಲ್ ಬಸ್ಸಿನಲ್ಲಿ ನಿಂತುಕೊಂಡು ಬಂದಿದ್ದಾಳೆ, ಮೆಟ್ಟಿಲು ಹತ್ತಿದ್ದಾಳೆ. ಇನ್ನೂ ಹತ್ತು ನಿಮಿಷ ಅಲ್ಲಾಡದೆ ಮಲಗಿಸಿದೆ. ಫ್ಯಾನು ಆರಿಸಿದೆ, ಚಳಿಗೆ ಮೈ ನಡುಗಿದರೆ ಗೆರೆಯೂ ನಡುಗುತ್ತದೆ. ಎದೆಗೆ ಅಂಟಿಸಿದ್ದ ಮೆಷಿನ್ನಿನ ಆರು ಬಟ್ಟಲನ್ನೂ ತೆಗೆದು ಒರೆಸಿ ಮತ್ತೆ ಅದದೇ ಜಾಗಕ್ಕೆ ಕೂರಿಸಿದೆ. ಕಾಗದದ ವೇಗವನ್ನು ಎರಡರಷ್ಟು ಮಾಡಿದೆ. ಹಾಗೆ ಮಾಡಿದರೆ ಅಲೆಗಳು ಉದ್ದಕ್ಕೆ ಹರಡಿ, ಒಂದೊಂದು ಸಣ್ಣ ಚೌಕಕ್ಕೆ ಇಪ್ಪತ್ತು ಮಿಲಿಸೆಕೆಂಡಿನ ಲೆಕ್ಕ ಸಿಗುತ್ತದೆ.

ಕಾಗದ ಬಂತು. ಬಡಿತ ತೊಂಬತ್ತಾರಕ್ಕಿಂತ ಇಳಿದಿರಲಿಲ್ಲ.

ಅಳೆಯುವುದರಲ್ಲಿ ಕಷ್ಟ ಇರುವುದು ಕೊನೆಯಲ್ಲಿ. ಕ್ಯೂಟಿ ಎಲ್ಲಿ ಶುರುವಾಗುತ್ತದೆ ಎನ್ನುವುದು ಕಣ್ಣಿಗೆ ಹೊಡೆದು ಕಾಣುತ್ತದೆ. ಎಲ್ಲಿ ಮುಗಿಯುತ್ತದೆ ಎನ್ನುವುದು ಕಾಣುವುದಿಲ್ಲ. ಕೊನೆಯ ಅಲೆ, ಟಿ ಅಲೆ, ಏರಿ ಇಳಿದು ತಳದ ಗೆರೆಯಲ್ಲಿ ಮೆಲ್ಲಗೆ ಕರಗಿಹೋಗುತ್ತದೆ. ಅದಕ್ಕೇ ಇಳಿಜಾರು ಅತಿ ಕಡಿದಾಗಿರುವ ಕಡೆ ಸ್ಕೇಲಿಟ್ಟು ಗೆರೆ ಎಳೆಯಬೇಕು. ಆ ಗೆರೆ ತಳಕ್ಕೆ ತಾಗಿದಲ್ಲಿ ಮುಗಿಯಿತು ಎಂದು ಲೆಕ್ಕ. ಬಾಲ ಎಷ್ಟೇ ಎಳೆದಾಡಿದರೂ ಅದನ್ನು ಬಿಡಬೇಕು. ಇವಳ ಟಿ ಅಲೆ ಹೋದ ತಿಂಗಳಿನಷ್ಟು ಎತ್ತರವಿರಲಿಲ್ಲ. ಚಪ್ಪಟೆಯಾಗಿತ್ತು. ಸ್ಕೇಲು ಎಲ್ಲಿಡಬೇಕು ಎಂಬುದೇ ತಿಳಿಯದೆ ಎರಡು ಸಲ ಇಟ್ಟು ತೆಗೆದೆ.

ಸಾಲಾಗಿ ಐದು ಬಡಿತ ಅಳೆದು ಸರಾಸರಿ ತೆಗೆದೆ. ಇಪ್ಪತ್ತೊಂದೂವರೆ ಚೌಕ. 430. ಗೋಡೆಗೆ ಅಂಟಿಸಿದ ಘನಮೂಲದ ಪಟ್ಟಿ ನೋಡಿ ಭಾಗಿಸಿದೆ.

503.

ಮತ್ತೊಮ್ಮೆ ಅಳೆದೆ. ಅದೇ ಇಪ್ಪತ್ತೊಂದೂವರೆ. ಇಪ್ಪತ್ತೊಂದಾಗಿದ್ದರೆ 491 ಆಗುತ್ತಿತ್ತು. ಅರ್ಧ ಚೌಕ, ಕಾಗದದ ಮೇಲೆ ಅರ್ಧ ಮಿಲಿಮೀಟರ್. ಪೆನ್ಸಿಲ್ಲಿನ ಮೊನೆ ಒಸಿ ಮೊಂಡಾಗಿದ್ದರೆ ಗೆರೆಯೇ ಅಷ್ಟು ದಪ್ಪ ಬರುತ್ತದೆ. ಮೂರನೇ ಸಲ ಸ್ಕೇಲಿಡುವಾಗ ನನ್ನ ಕೈ ತಾನಾಗಿಯೇ ಎಡಕ್ಕೆ ಜಾರಿತು. ನಾನು ಜಾರಿಸಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಜಾರಿಸಿ ನೋಡಿದೆ. ಅಲ್ಲಿಟ್ಟರೆ ಇಪ್ಪತ್ತೊಂದು ಬರುತ್ತಿತ್ತು. ಯಾರು ಬಂದು ಕೇಳುತ್ತಾರೆ?

ಅವಳ ಗಂಡ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದ. ಊರಿನ ಹಾಲಿನ ಡೈರಿಯಲ್ಲಿ ಹಾಲು ಅಳೆದು ಹಾಕಿಸಿಕೊಳ್ಳುವ ಮನುಷ್ಯ. ನಾಲ್ಕು ತಿಂಗಳಿಂದ ಬಂದೂ ಬಂದೂ, ಐನೂರರ ನಿಯಮ ನನ್ನಷ್ಟೇ ಚೆನ್ನಾಗಿ ಅವನಿಗೂ ಗೊತ್ತಿತ್ತು.

"ಏನಾಯ್ತು ಮೇಡಂ?"

"ಅರ್ಧ ಚೌಕ ಜಾಸ್ತಿ ಬರ್ತಿದೆ."

ಹತ್ತಿರ ಬಂದು ಬಗ್ಗಿ ನೋಡಿದ. "ಇಷ್ಟೇ ಇಷ್ಟಾ? ಇಷ್ಟುಕ್ಕೆಲ್ಲ ಮಾತ್ರೆ ನಿಲ್ಸ್ತಾರಾ? ನೀವೇ ಒಸಿ ನೋಡ್ಕಂಡು ಬರ್ಕಳಿ ಮೇಡಂ. ನಿಮ್ಮ ದಮ್ಮಯ್ಯ."

ಅದನ್ನೇ ನಾನೂ ಯೋಚಿಸುತ್ತಿದ್ದೆನಲ್ಲ, ಅದಕ್ಕೇ ಸಿಟ್ಟು ನೆತ್ತಿಗೇರಿತು. "ಡೈರೀಲಿ ಲ್ಯಾಕ್ಟೋಮೀಟರು ಅರ್ಧ ಡಿಗ್ರಿ ಕಮ್ಮಿ ತೋರಿಸಿದ್ರೆ ಹಾಲು ಹಾಕಿಸ್ಕೋತೀಯಾ ನೀನು?"

ತಲೆ ಕೆರೆದುಕೊಂಡ. "ಹಾಕಿಸ್ಕಳಲ್ಲ."

"ಮತ್ತೆ?"

"ಅದು ಹಾಲು ಮೇಡಂ. ಇದು ನನ್ನ ಹೆಂಡ್ರು."

ರಿಜಿಸ್ಟರ್ ಎಳೆದುಕೊಂಡು 503 ಎಂದು ಬರೆದೆ. ಬರೆದು, ಕೆಳಗೆ ಗೆರೆ ಹಾಕಿ, ಮನಸ್ಸು ಬದಲಾಗುವ ಮೊದಲೇ ಕಾಗದ ತೆಗೆದುಕೊಂಡು ಡಾಕ್ಟರ ಕೋಣೆಗೆ ನಡೆದೆ.

ನಮ್ಮ ಡಾಕ್ಟರು ದನಿ ಎತ್ತಿ ಮಾತಾಡಿದ್ದನ್ನು ನಾನು ಕಂಡಿಲ್ಲ. ಕಾಗದವನ್ನು ಬೆಳಕಿಗೆ ಹಿಡಿದು, ತಾವೂ ಒಮ್ಮೆ ಕ್ಯಾಲಿಪರ್ ಆಡಿಸಿ, "ಸರಿಯಾಗೇ ಇದೆ" ಎಂದರು.

"ಸರಿಯಾಗಿದೆ ಅಂದ್ರೆ? ನಿಲ್ಲಿಸ್ತೀರಾ ಸರ್?"

"ನಾಳೆ ಡೋಸ್ ಬೇಡ. ಅಡ್ಮಿಟ್ ಮಾಡಿ, ಮಾನಿಟರ್ ಹಾಕಿ. ಶುಕ್ರವಾರ ಮಧ್ಯಾಹ್ನ ಮಾತ್ರೆ ತೀರ್ಮಾನಿಸೋ ಡಾಕ್ಟರುಗಳ ಸಮಿತಿ ಇದೆ. ಅಷ್ಟರಲ್ಲಿ ಬೇರೆ ಕಾರಣ ಸಿಗದಿದ್ರೆ ಪೂರ್ತಿ ನಿಲ್ಲಿಸ್ಲೇಬೇಕು."

"ಬರೀ ಮೂರು ಸರ್! ಐನೂರರ ಮೇಲೆ ಮೂರು!"

"ಹೋದ ತಿಂಗಳು ಎಷ್ಟಿತ್ತಮ್ಮ?"

"ನಾನೂರ ಐವತ್ತೆರಡು."

"ಹಂಗಾದ್ರೆ ಮೂರಲ್ಲ. ಒಂದೇ ತಿಂಗಳಿಗೆ ಐವತ್ತು ಏರಿದೆ. ಮೂರು ತಿಂಗಳು ಸುಮ್ಮನಿದ್ದ ಮಾತ್ರೆ ನಾಲ್ಕನೇ ತಿಂಗಳು ಯಾಕೆ ಹಿಂಗೆ ಮಾಡ್ತು? ಆ ಟಿ ಅಲೆ ಯಾಕೆ ಚಪ್ಪಟೆಯಾಗಿದೆ? ಮೊದಲು ರಕ್ತದಲ್ಲಿ ಪೊಟ್ಯಾಸಿಯಂ ನೋಡಿಸಿ."

ಮನುಷ್ಯರು ಇಷ್ಟು ತಣ್ಣಗಿದ್ದರೆ ನನಗೆ ಆಗುವುದಿಲ್ಲ. ಆದರೆ ಅವರು ಕೇಳಿದ್ದು ಸರಿಯಾದ ಪ್ರಶ್ನೆ. ನಾನು ಅರ್ಧ ಚೌಕದಲ್ಲೇ ಮುಳುಗಿಹೋಗಿ, ಐವತ್ತು ಎಲ್ಲಿಂದ ಬಂತು ಎಂದು ಯೋಚಿಸಿಯೇ ಇರಲಿಲ್ಲ.

ಬುಧವಾರ ಬೆಳಿಗ್ಗೆ ರಕ್ತದ ರಿಪೋರ್ಟು ಬಂತು. ಪೊಟ್ಯಾಸಿಯಂ ಇರಬೇಕಾದ್ದಕ್ಕಿಂತ ಕಡಿಮೆ. "ವಾಂತಿ ಆಗ್ತಿತ್ತಾ?" ಎಂದು ಡಾಕ್ಟರು ಕೇಳಿದರು. "ಒಂದೊಂದು ದಿನ ಆಯ್ತದೆ ಸಾ, ಎಲ್ರಿಗೂ ಆಗೋ ಅಂಗೆ" ಎಂದಳು. ಅವಳ ಪ್ರಕಾರ ಅದು ಹೇಳಿಕೊಳ್ಳುವಂಥ ವಿಷಯವೇ ಅಲ್ಲ. ಡ್ರಿಪ್ಪಿನಲ್ಲಿ ಪೊಟ್ಯಾಸಿಯಂ ಶುರುವಾಯಿತು. ಆದರೂ ಡಾಕ್ಟರು ತಲೆಯಾಡಿಸಿದರು. ಇದೊಂದರಿಂದಲೇ ಐವತ್ತು ಏರುವುದು ಅನುಮಾನ, ಬೇರೆ ಏನೋ ಸೇರಿಕೊಂಡಿದೆ ಎಂದರು. ಫೈಲು ತೆಗೆಸಿದರು. ಪ್ರತಿ ತಿಂಗಳ ಹಾಳೆಯಲ್ಲೂ "ಬೇರೆ ಔಷಧಿ ತೆಗೆದುಕೊಳ್ಳುತ್ತಿದ್ದಾರೆಯೇ" ಎಂಬ ಸಾಲಿನ ಮುಂದೆ ನನ್ನ ಅಕ್ಷರದಲ್ಲಿ "ಇಲ್ಲ" ಎಂದಿತ್ತು. ನಾಲ್ಕು ತಿಂಗಳು, ನಾಲ್ಕು "ಇಲ್ಲ".

"ಕೇಳಿ ಬರೆದಿದ್ದೀರಾ?"

"ಏನ್ಸಾರ್ ಹಂಗಂತೀರಾ! ಪ್ರತಿ ಸಲ ಕೇಳಿದ್ದೀನಿ."

ಕೇಳಿದ್ದು ನಿಜ. ಅವಳು ಪ್ರತಿ ಸಲ "ನೀವು ಕೊಟ್ಟಿದ್ದೊಂದೇ ಕಣಕ್ಕ" ಎಂದದ್ದೂ ನಿಜ.

ಗಂಡನಿಗೆ ಫೋನು ಮಾಡಿದೆ. "ಮನೇಲಿ ಅವಳ ಬಾಯಿಗೆ ಹೋಗೋದು ಏನೇನಿದೆಯೋ ಎಲ್ಲ ಗುಡಿಸಿಕೊಂಡು ಬಾ. ಚೂರ್ಣ, ಕಷಾಯ, ಪುಡಿ, ಟಾನಿಕ್ಕು, ಒಂದೂ ಬಿಡಬೇಡ."

ಮೂರು ಗಂಟೆಗೆ ಬೈಕಿನಲ್ಲಿ ಬಂದ. ದೊಡ್ಡ ಕೈಚೀಲವನ್ನು ಅವಳ ಮಂಚದ ಮೇಲೆ ಬೋರಲು ಹಾಕಿದ. ಡಾಕ್ಟರು, ನಾನು, ಅವನು ಸುತ್ತ ನಿಂತೆವು. ಓಮಿನ ಡಬ್ಬಿ, ಒಣಶುಂಠಿ, ಯಾರೋ ಕೊಟ್ಟ ಬೇರಿನ ಪುಡಿ, ಅರ್ಧ ಖಾಲಿಯಾದ ಕೆಮ್ಮಿನ ಸಿರಪ್ಪು, ಮಂಡಿಗೆ ಹಚ್ಚುವ ಮುಲಾಮು.

"ಇದನ್ನೂ ತಿಂತಾಳೇನಯ್ಯ?" ಎಂದು ಮುಲಾಮು ಎತ್ತಿ ಹಿಡಿದೆ.

"ಗಾಬ್ರೀಲಿ ಕೈಗೆ ಸಿಕ್ಕಿದ್ದೆಲ್ಲ ತುಂಬ್ಕಂಡು ಬಂದೆ ಮೇಡಂ."

ಡಾಕ್ಟರು ಒಂದೊಂದನ್ನೇ ತಿರುಗಿಸಿ ನೋಡಿ ಪಕ್ಕಕ್ಕಿಟ್ಟರು. ಯಾವುದರಲ್ಲೂ ಏನೂ ಸಿಗಲಿಲ್ಲ. ಶುಕ್ರವಾರಕ್ಕೆ ಒಂದೇ ದಿನ ಬಾಕಿ. ಕೊನೆಗೆ ಚೀಲವನ್ನು ಕೊಡವಿದಾಗ ಒಂದು ಪ್ಲಾಸ್ಟಿಕ್ ಕವರ್ ಬಿತ್ತು. ಅದರೊಳಗೆ ಮಾತ್ರೆಯ ಸ್ಟ್ರಿಪ್ಪುಗಳು, ನಾಲ್ಕೋ ಐದೋ, ಹೆಚ್ಚಿನವು ಖಾಲಿ.

ಡಾಕ್ಟರ ಕೈ ನಿಂತಿತು. "ಇದೇನಮ್ಮ?"

"ಅದು ಔಷಧಿ ಅಲ್ಲ ಸಾ" ಎಂದಳು ಅವಳು, ಸಮಾಧಾನವಾಗಿ. "ಅದು ಗ್ಯಾಸಿಂದು."

ನಮ್ಮ ಕಡೆ ಇದು ಹೀಗೆಯೇ. ಎದೆ ಉರಿದರೆ ಗ್ಯಾಸು, ತಲೆ ಸುತ್ತಿದರೆ ಗ್ಯಾಸು, ಬೆನ್ನು ಹಿಡಿದರೂ ಗ್ಯಾಸು. ಗ್ಯಾಸಿಗೊಂದು ಮಾತ್ರೆ ಪ್ರತಿ ಮನೆಯಲ್ಲೂ ಇರುತ್ತದೆ. ಮದುವೆ ಊಟಕ್ಕೆ ಹೋಗುವವರ ಜೇಬಿನಲ್ಲಿ ಇರುತ್ತದೆ. ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಂಡಷ್ಟು ಸಲೀಸು. ಅದನ್ನು ಯಾರೂ ಔಷಧಿಯ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

"ದಿನಕ್ಕೆ ಎಷ್ಟು ತಗೋತಿದ್ರಿ?"

"ಮೊದ್ಲು ಒಂದ್ ತಕ್ಕತಿದ್ದೆ ಸಾ. ಈಗೊಂದು ತಿಂಗ್ಳಿಂದ ಮೂರು. ಬಸ್ ಹತ್ತಾಗ ಇನ್ನೊಂದು. ವಾಂತಿ ಆದ್ರೆ ನಿಮ್ಮ ಮಾತ್ರೆ ಆಚೆಗ್ ಬಂದ್ಬುಡ್ತದಲ್ಲ, ಅದು ಒಳಗೇ ಇರ್ಲಿ ಅಂತ."

ಡಾಕ್ಟರು ಸ್ಟ್ರಿಪ್ಪಿನ ಹಿಂದಿನ ಸಣ್ಣ ಅಕ್ಷರವನ್ನು ಓದಿ ನನ್ನ ಕಡೆ ತಿರುಗಿಸಿದರು. "ಇದರಲ್ಲಿ ಎರಡು ಔಷಧಿ ಸೇರಿದೆ. ಒಂದು ಹೊಟ್ಟೆಯ ಹುಳಿ ಇಳಿಸೋದು. ಇನ್ನೊಂದು ವಾಂತಿ ತಡೆಯೋದು. ಈ ಎರಡನೇದಿದೆಯಲ್ಲ, ಇದೂ ಕ್ಯೂಟಿ ಹಿಗ್ಗಿಸುತ್ತೆ. ಹೊಸ ಮಾತ್ರೆ ಜೊತೆ, ಪೊಟ್ಯಾಸಿಯಂ ಬೇರೆ ಕಡಿಮೆ..." ಎಂದು ಅಲ್ಲಿಗೇ ನಿಲ್ಲಿಸಿ ಅವಳನ್ನು ಕೇಳಿದರು: "ಯಾರು ಹೇಳಿದ್ದು ಇದನ್ನ ತಗೊಳ್ಳಿ ಅಂತ?"

ಅವಳು ಒಂದು ಗಳಿಗೆ ನನ್ನ ಮುಖ ನೋಡಿ, ಕಣ್ಣನ್ನು ಹೊದಿಕೆಯ ಮೇಲೆ ಇಳಿಸಿದಳು.

"ಮೆಡಿಕಲ್ ಸ್ಟೋರ್‌ನೋರು ಕೊಟ್ರು ಸಾ."

ಡಾಕ್ಟರು ಬರೆದುಕೊಂಡು ಹೊರಟರು. ನಾನು ಸ್ಟ್ರಿಪ್ಪುಗಳನ್ನು ಕವರಿಗೆ ತುಂಬುತ್ತಿದ್ದೆ. ಎಲ್ಲಕ್ಕಿಂತ ತಳದಲ್ಲಿ ಒಂದು ಪೊಟ್ಟಣ ಇತ್ತು. ಗುಲಾಬಿ ಬಣ್ಣದ ಚೌಕಳಿ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಮಡಚಿದ್ದು. ಬಿಚ್ಚಿದರೆ ಒಳಗೆ ಕತ್ತರಿಯಿಂದ ಕತ್ತರಿಸಿದ ಅರ್ಧ ಸ್ಟ್ರಿಪ್ಪು, ಐದು ಖಾಲಿ ಗುಳಿ. ಕಾಗದ ಇಸಿಜಿಯದು. ಮಡಿಕೆ ನನ್ನದು.

ಎರಡು ತಿಂಗಳ ಹಿಂದೆ ಅವಳು ನನ್ನ ಕೋಣೆಯ ಹೊರಗೆ ಗೋಡೆ ಹಿಡಿದು ವಾಂತಿ ಮಾಡಿಕೊಂಡಿದ್ದಳು. ನಾನು ಬಾಯಿ ತೊಳೆಸಿ, ನನ್ನ ಬ್ಯಾಗಿನಲ್ಲಿ ಸದಾ ಇರುವ ಸ್ಟ್ರಿಪ್ಪಿನಿಂದ ಅರ್ಧ ಕತ್ತರಿಸಿ, ಕೈಗೆ ಸಿಕ್ಕಿದ ಕಾಗದದಲ್ಲಿ ಮಡಚಿ, "ಖಾಲಿ ಹೊಟ್ಟೇಲಿ ಇದೊಂದು ನುಂಗು, ಸರಿಹೋಗುತ್ತೆ" ಎಂದು ಕೊಟ್ಟಿದ್ದೆ. ಕೊಟ್ಟು, ಅದೇ ದಿನ, ಅವಳ ಫೈಲಿನ ಆ ತಿಂಗಳ ಹಾಳೆಯಲ್ಲಿ, ಬೇರೆ ಔಷಧಿ "ಇಲ್ಲ" ಎಂದು ಬರೆದಿದ್ದೆ. ಯಾಕೆಂದರೆ ನನಗೂ ಅದು ಔಷಧಿಯಲ್ಲ.

"ಯಾಕೇ ಸುಳ್ಳು ಹೇಳ್ದೆ?" ಎಂದೆ.

"ಸುಳ್ಳೇನಲ್ಲ ಬುಡಿ. ಮೊದ್ಲು ನೀವ್ ಕೊಟ್ರಿ, ಆಮೇಲೆ ಅದೇ ಖಾಲಿ ಸ್ಟ್ರಿಪ್ಪು ತೋರ್ಸಿ ಕುಣಿಗಲ್ಲಲ್ಲಿ ತಕ್ಕಂಡೆ. ಅವ್ರೂ ಕೊಟ್ರಲ್ಲ."

"ಡಾಕ್ಟರ ಹತ್ರ ನನ್ನ ಹೆಸರು ಹೇಳಬೇಕಿತ್ತು."

"ಹೇಳಿ? ನಿಮ್ಮ ಕೆಲ್ಸುಕ್ಕೆ ಕುತ್ತು ಬಂದ್ರೆ? ಮುಂದಿನ್ ತಿಂಗ್ಳು ನನ್ನ ಯಾರು ಅಳೀತಾರೆ?"

ಪೊಟ್ಟಣವನ್ನು ಕೋಟಿನ ಜೇಬಿಗೆ ಹಾಕಿಕೊಂಡು ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡೆ. ಹರಿದು ಹಾಕಿದರೆ ಮುಗಿಯಿತು. ಕಾರಣ ಸಿಕ್ಕಿದೆ, ಗ್ಯಾಸ್ ಮಾತ್ರೆ ನಿಂತಿದೆ, ಯಾರು ಮೊದಲು ಕೊಟ್ಟರು ಎಂದು ಇನ್ನೊಮ್ಮೆ ಕೇಳುವವರು ಯಾರೂ ಇಲ್ಲ. ಅವಳಂತೂ ಬಾಯಿ ಬಿಡುವುದಿಲ್ಲ. ಆದರೆ ಕಣ್ಣ ಮುಂದೆ ಬಂದದ್ದು ಪೇಂಟರನ ಹೆಂಡತಿ. ಆ 464ರ ವಿಷಯವನ್ನು ನಾನು ಅವಳಿಗೂ ಹೇಳಿರಲಿಲ್ಲ, ಡಾಕ್ಟರಿಗೂ ಹೇಳಿರಲಿಲ್ಲ. ಒಂದನ್ನು ನುಂಗಿಕೊಂಡು ವರ್ಷ ಕಳೆದಿದ್ದೆ. ಇನ್ನೊಂದನ್ನೂ ನುಂಗುವಷ್ಟು ಗಟ್ಟಿಗಿತ್ತಿ ನಾನಲ್ಲ ಎಂದು ಅವತ್ತು ಗೊತ್ತಾಯಿತು. ನಾಲ್ಕೂವರೆಗೆ ಹೋಗಿ ಪೊಟ್ಟಣವನ್ನು ಡಾಕ್ಟರ ಮೇಜಿನ ಮೇಲಿಟ್ಟೆ.

"ಕೊಟ್ಟವಳು ನಾನೇ ಸರ್." ಪೇಂಟರನ ವಿಷಯವನ್ನೂ ಅದೇ ಉಸಿರಿನಲ್ಲಿ ಹೇಳಿಬಿಟ್ಟೆ.

ಅವರು ಪೊಟ್ಟಣ ಬಿಚ್ಚಿ ಖಾಲಿ ಗುಳಿಗಳನ್ನು ಎಣಿಸಿದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಬೈಯಲಿಲ್ಲ.

"ಎರಡನ್ನೂ ಬರೆದುಕೊಡಿ. ಫೈಲಿಗೆ ಹೋಗಲೇಬೇಕು" ಎಂದರು. ಆಮೇಲೆ, "ಶುಕ್ರವಾರದ ಇಸಿಜಿ ನೀವು ತೆಗೀರಿ. ಅಳೆಯೋದು ನಾನು."

"ಯಾಕೆ ಸರ್? ಅಳತೇಲಿ ನಾನು ಮೋಸ ಮಾಡ್ತೀನಾ? 503 ಬರೆದವಳು ನಾನೇ ಅಲ್ವಾ?"

"ಹೌದು. ಆವತ್ತು ಅವರ ಮೇಲಿನ ಪ್ರೀತಿಗೆ ಕಡಿಮೆ ಬರಲಿ ಅನ್ನಿಸಿತ್ತು ನಿಮಗೆ. ಈಗ ನಿಮ್ಮ ಮೇಲಿರೋ ತಪ್ಪಿಗೂ ಕಡಿಮೆ ಬರಬೇಕು. ಇಷ್ಟು ಭಾರ ಹೊತ್ತ ಕೈ ಅರ್ಧ ಚೌಕ ಅಳೀಬಾರ್ದಮ್ಮ."

ಅವಮಾನವಾಯಿತು. ಬಟವಾಡಿಗೆ ಹೋಗುವ ಬಸ್ಸಿನಲ್ಲಿ ಕೂತು ಅವರನ್ನು ಮನಸ್ಸಿನಲ್ಲೇ ಚೆನ್ನಾಗಿ ಬೈದುಕೊಂಡೆ. ಬೈದು ಮುಗಿದ ಮೇಲೆ ಅವರು ಹೇಳಿದ್ದರಲ್ಲಿ ತಪ್ಪು ಸಿಗಲಿಲ್ಲ.

ಗುರುವಾರ ಕಾಯುವುದೊಂದೇ ಕೆಲಸ. ನನಗೆ ಧೈರ್ಯ ಕೊಟ್ಟದ್ದು ಒಂದೇ ಲೆಕ್ಕ. ಹೊಸ ಮಾತ್ರೆ ಮೈಯಲ್ಲಿ ಬೇರೂರಿಬಿಟ್ಟಿರುತ್ತದೆ. ಒಂದೆರಡು ಡೋಸ್ ತಪ್ಪಿಸಿದರೆ ಇಳಿಯುವುದಿಲ್ಲ, ಪೂರ್ತಿ ಹೋಗಲು ತಿಂಗಳುಗಟ್ಟಲೆ ಬೇಕು. ಗ್ಯಾಸ್ ಮಾತ್ರೆ ಹಾಗಲ್ಲ, ಎರಡು ದಿನದಲ್ಲಿ ಹೊರಗೆ. ಹಾಗಾದರೆ ಶುಕ್ರವಾರ ಕ್ಯೂಟಿ ಇಳಿದಿದ್ದರೆ ತಪ್ಪು ಗ್ಯಾಸ್ ಮಾತ್ರೆಯದು ಮತ್ತು ಪೊಟ್ಯಾಸಿಯಂನದು. ಇಳಿಯದಿದ್ದರೆ ತಪ್ಪು ಹೊಸ ಮಾತ್ರೆಯದು, ಅದು ನಿಲ್ಲುತ್ತದೆ, ಇವಳ ಕಥೆ ಪೇಂಟರನ ದಾರಿ ಹಿಡಿಯುತ್ತದೆ. ಈ ಲೆಕ್ಕವನ್ನು ಗಂಡನಿಗೆ ವಿವರಿಸಿದೆ. ಎಲ್ಲ ಕೇಳಿ, "ಅಂದ್ರೆ ನಾಳೆ ಗೊತ್ತಾಯ್ತದೆ ಅನ್ನಿ" ಎಂದ. ಮೂರು ದಿನದಿಂದ ಡೈರಿಗೆ ಹೋಗಿರಲಿಲ್ಲ ಅವನು.

ಶುಕ್ರವಾರ ಹನ್ನೊಂದಕ್ಕೆ ಅವಳನ್ನು ಹತ್ತು ನಿಮಿಷ ಮಲಗಿಸಿ ಇಸಿಜಿ ತೆಗೆದೆ. ಮಂಗಳವಾರದ ಅದೇ ಹೊತ್ತು, ಬಟ್ಟಲುಗಳು ಅದೇ ಜಾಗದಲ್ಲಿ. ಬಡಿತ ಎಂಬತ್ತಕ್ಕೆ ಇಳಿದಿತ್ತು. ಟಿ ಅಲೆಗೆ ಸ್ವಲ್ಪ ಎತ್ತರ ಬಂದ ಹಾಗೆ ಕಂಡಿತು. ಹೆಚ್ಚು ನೋಡಬಾರದೆಂದು ಕಾಗದವನ್ನು ಮಗುಚಿ ಹಿಡಿದುಕೊಂಡು ಹೋಗಿ ಡಾಕ್ಟರ ಕೈಗೆ ಕೊಟ್ಟೆ. ಬಾಗಿಲು ಮುಚ್ಚಿತು. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಎಷ್ಟೋ ವರ್ಷ ಜನರನ್ನು ಅದೇ ಬೆಂಚಿನ ಮೇಲೆ "ಸುಮ್ನೆ ಕೂತ್ಕೊಳ್ರೀ, ಕರೀತೀವಿ" ಎಂದು ಗದರಿಸಿ ಕೂರಿಸಿದ್ದೇನೆ. ಸುಮ್ಮನೆ ಕೂರುವುದು ಸಾಧ್ಯವೇ ಇಲ್ಲ ಎಂದು ಆ ಹದಿನೈದು ನಿಮಿಷದಲ್ಲಿ ತಿಳಿಯಿತು.

ಬಾಗಿಲು ತೆಗೆದು ಒಳಗೆ ಕರೆದರು. ಅವರು ಅಳೆದ ಚೀಟಿ ಮೇಜಿನ ಮೇಲೆ ಬೋರಲಾಗಿತ್ತು. ಇಸಿಜಿ ಕಾಗದದ ಮೇಲೆ ಒಂದು ಗೆರೆಯನ್ನೂ ಎಳೆದಿರಲಿಲ್ಲ. ಗೆರೆಗಳೆಲ್ಲ ಜೆರಾಕ್ಸ್ ಪ್ರತಿಯ ಮೇಲಿದ್ದವು.

"ಸಮಿತಿಗೆ ಹೋಗೋದು ನನ್ನ ಸಂಖ್ಯೆ. ಆದ್ರೆ ಈ ಕಾಗದಾನ ನನಗಿಂತ ಹೆಚ್ಚು ನೋಡಿರೋರು ನೀವು. ನೀವೂ ಅಳೀರಿ. ನಂದೆಷ್ಟು ಅಂತ ಹೇಳಲ್ಲ."

ಐದು ಬಡಿತ. ಪೆನ್ಸಿಲ್ಲನ್ನು ಎರಡು ಸಲ ಚೂಪು ಮಾಡಿದೆ. ಬೆವರಿಗೆ ಸ್ಕೇಲು ಜಾರುತ್ತಿತ್ತು, ಸೆರಗಿನಲ್ಲಿ ಒರೆಸಿಕೊಂಡೆ. ಎಲ್ಲಿ ಅನುಮಾನ ಬಂತೋ ಅಲ್ಲೆಲ್ಲ ಗೆರೆಯನ್ನು ಬಲಕ್ಕೇ ಇಟ್ಟೆ. ಮಂಗಳವಾರ ಎಡಕ್ಕೆ ಜಾರಿದ್ದ ಕೈ ಈಗ ಹೆದರಿಕೆಗೆ ಬಲಕ್ಕೆ ಹೋಗುತ್ತಿತ್ತು. ಇಪ್ಪತ್ತೊಂದು ಚೌಕ. 420. ಭಾಗಿಸಿದೆ. ಒಂದಲ್ಲ, ಮೂರು ಸಲ ಭಾಗಿಸಿದೆ.

"462 ಸರ್."

ಅವರು ಚೀಟಿ ಮಗುಚಿದರು. 451. ಇಬ್ಬರ ನಡುವೆ ವ್ಯತ್ಯಾಸ ಅರ್ಧ ಚೌಕ.

"ನಿಮ್ಮದನ್ನೇ ಬರೆಯೋಣ, ದೊಡ್ಡದನ್ನ" ಎಂದರು. "ಇದರಲ್ಲೂ ನಡೆಯುತ್ತೆ."

ನಾನು ಅಲ್ಲೇ ಅವರ ಎದುರಿಗೇ ಅತ್ತುಬಿಟ್ಟೆ. ಅವರು ಕಿಟಕಿಯ ಕಡೆ ನೋಡಿಕೊಂಡು ಕೂತರು.

ಸಮಿತಿಯವರು ಮಾತ್ರೆ ಮುಂದುವರಿಸಲು ಒಪ್ಪಿದಾಗ ಮಧ್ಯಾಹ್ನ ಎರಡೂವರೆ. ವಾರಕ್ಕೊಂದು ಇಸಿಜಿ, ವಾರಕ್ಕೊಮ್ಮೆ ಪೊಟ್ಯಾಸಿಯಂ, ಗ್ಯಾಸ್ ಮಾತ್ರೆ ಮುಟ್ಟುವ ಹಾಗಿಲ್ಲ ಎಂದು ಷರತ್ತು. ವಾರ್ಡಿಗೆ ಬಂದೆ. ಅವಳು ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಅತ್ತು ಕೆಂಪಾಗಿದ್ದ ನನ್ನ ಕಣ್ಣು ಕಂಡು ಅವಳ ಮುಖ ಕಪ್ಪಿಟ್ಟಿತು.

"ನಿಲ್ಲಿಸ್ಬುಟ್ರಾ ಅಕ್ಕ?"

"ಇಲ್ಲ ಕಣೇ. ಇವತ್ತಿನ ಡೋಸ್ ಇವತ್ತೇ. ಊಟ ಮಾಡು ಮೊದಲು."

ಗಂಡ ಕ್ಯಾಂಟೀನಿಗೆ ಓಡಿದ. ಅನ್ನ, ಸಾರು, ಮೊಸರು ತಂದ. ಅವಳು ನಾಲ್ಕು ತುತ್ತು ತಿಂದು, ಮಾತ್ರೆಗಳನ್ನು ಅಂಗೈಯಲ್ಲಿ ಹಾಕಿಕೊಂಡು ನನ್ನ ಕಡೆ ನೋಡಿದಳು.

"ಅದಿಲ್ದೇ ಹೆಂಗಕ್ಕ? ವಾಂತಿ ಆಗ್ಬುಟ್ರೆ ಇದೂ ಆಚೆಗೆ ಬತ್ತದೆ."

"ಬಂದ್ರೆ ನೋಡೋಣ. ನಾನಿಲ್ಲೇ ಇರ್ತೀನಿ."

ಮಂಚದ ಕೆಳಗಿದ್ದ ಬೇಸನ್ ಎಳೆದು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತೆ. ಅವಳು ಒಂದೊಂದಾಗಿ ಎಲ್ಲವನ್ನೂ ನುಂಗಿ ನೀರು ಕುಡಿದಳು. ಕಾಲು ಗಂಟೆಗೆ ಹೊಟ್ಟೆ ತೊಳಸತೊಡಗಿತು. ಹಣೆಯಲ್ಲಿ ಬೆವರೊಡೆಯಿತು. ಕಣ್ಣು ಮುಚ್ಚಿ, ತುಟಿ ಬಿಗಿಹಿಡಿದು, ನನ್ನ ಮಣಿಕಟ್ಟನ್ನು ಬಳೆ ನೆಗ್ಗುವ ಹಾಗೆ ಹಿಡಿದುಕೊಂಡಳು. ಎರಡು ಸಲ ಬಗ್ಗಿದಳು, ಎರಡು ಸಲವೂ ನಾನು ಬೇಸನ್ ಎತ್ತಿ ಹಿಡಿದೆ. ಗಂಡ ಗೋಡೆ ಗಡಿಯಾರ ನೋಡುತ್ತ ನಿಂತಿದ್ದ.

ಮೂರು ಮುಕ್ಕಾಲಿಗೆ ಅವಳ ಹಿಡಿತ ಸಡಿಲವಾಯಿತು. ಬೇಸನ್ ಒಣಗಿಯೇ ಇತ್ತು.

"ಹೋಯ್ತು ಕಣಕ್ಕ, ಕೆಳಕ್ಕೆ" ಎಂದಳು.